ಮಾವಶಿಯ ಹಿಡಿ ಹಿಟ್ಟು

ನಮ್ಮ ಮನೆಯಲ್ಲಿ ಜೋಳದ ಹಿಟ್ಟಿಗೆ ಸೇರು-ಪಾವುಗಳ ಅಳತೆಯಿರಲಿಲ್ಲ. ಮಾವಶಿಯ ಮುಷ್ಟಿಯೇ ಅಳತೆ. ಮಾವಶಿ ನನ್ನ ತಾಯಿಯ ತಂಗಿ. ಗಂಡ ತೀರಿಕೊಂಡ ಮೇಲೆ ಕಮಲಾಪುರದಲ್ಲಿ ತಮ್ಮನ ಮನೆಯಲ್ಲಿದ್ದವಳು, ನಾನು ಕಲಬುರಗಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಲು ಸೇರಿದಾಗ ನನ್ನ ಕೈಗೂಸನ್ನು ನೋಡಿಕೊಳ್ಳಲು ಬಂದು ಇಲ್ಲೇ ಉಳಿದಳು. ಬೆಳಿಗ್ಗೆ ಹಿಟ್ಟು ನಾದುವ ಪರಾತದ ಮುಂದೆ ಕೂತು ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಹಿಡಿ ಹಾಕುವಳು, ಆಮೇಲೆ ‘ನನಗ’ ಎಂದು ಒಂದು ಹಿಡಿ, ಕಡೆಗೆ ಯಾರಾದರೂ ಬಂದರೆ ಇರಲಿ ಎಂದು ಹೆಸರಿಲ್ಲದ ಇನ್ನೊಂದು.

ನೀವೂ ಸಂಬಳದವರಾದರೆ ಗೊತ್ತಿದ್ದೀತು, ಫೆಬ್ರವರಿಯಲ್ಲಿ ನಮ್ಮ ಕಡೆ ಬಿಸಿಲಿಗಿಂತ ಮೊದಲು ಏರುವುದು ಆದಾಯ ತೆರಿಗೆಯ ಕಾವು. ತೊಂಬತ್ತರ ದಶಕದ ಅಂಥದೊಂದು ಸಂಜೆ, ವಾಣಿಜ್ಯ ಕಲಿಸುವ ನನ್ನ ಸಹೋದ್ಯೋಗಿಯೊಬ್ಬರು ಚಹಾಕ್ಕೆ ಬಂದಾಗ, ಮಾತು ಯಾವ ದೇಶದಲ್ಲಿ ಎಷ್ಟು ಆದಾಯದವರೆಗೆ ತೆರಿಗೆಯಿಲ್ಲ ಎಂಬ ಮಿತಿಯ ಮೇಲೆ ಹೊರಳಿತು. ಅಮೆರಿಕದಲ್ಲಿ ಗಂಡಹೆಂಡಿರು ಕೂಡಿ ಒಂದೇ ಲೆಕ್ಕ ಕೊಡಬಹುದು, ಸಾಕುವ ನೆಂಟರ ಹೆಸರಿನಲ್ಲೂ ಒಂದಿಷ್ಟು ವಿನಾಯಿತಿ. ಫ್ರಾನ್ಸಿನಲ್ಲಿ ಮನೆಯ ಆದಾಯವನ್ನು ಪಾಲು ಹಾಕುವಾಗ ಮಗುವಿಗೂ ಅರ್ಧ ಪಾಲು. ಇಂಗ್ಲೆಂಡಿನಲ್ಲಿ ಈಚಿನವರೆಗೂ ಹೆಂಡತಿಯ ಗಳಿಕೆ ಗಂಡನದೆಂದೇ ಎಣಿಸುತ್ತಿದ್ದರಂತೆ. ಅದನ್ನು ಕೇಳಿ ನನ್ನ ಯಜಮಾನರು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು. ನಮ್ಮಲ್ಲೋ, ದುಡಿಯುವವರು ಇಬ್ಬರಾದರೆ ಎರಡು ಮಿತಿ. ಒಬ್ಬನೇ ಅಷ್ಟನ್ನೂ ದುಡಿದು ಮನೆತುಂಬ ಮಂದಿಯನ್ನು ಸಾಕಿದರೂ ಒಂದೇ. ಅವಿಭಕ್ತ ಕುಟುಂಬಕ್ಕೆ ಬೇರೆ ಲೆಕ್ಕವಿದೆ, ನಿಜ. ಅದಕ್ಕೆ ಪಿತ್ರಾರ್ಜಿತ ಆಸ್ತಿ ಬೇಕು, ನಮ್ಮ ಹಿರಿಯರು ಬಿಟ್ಟುಹೋದದ್ದು ಉದ್ದ ಮೂಗು ಮಾತ್ರ.

ಮಾವಶಿಯ ಹೆಸರಿನಲ್ಲಿ ಏನಾದರೂ ಸಿಗುತ್ತದೆಯೇ ಎಂದು ಯಜಮಾನರು ಕೇಳಿದರು.

“ಅವ್ರು ಲೆಕ್ಕಕ್ಕ ಬರೂದಿಲ್ರೀ,” ಎಂದರು ಸಹೋದ್ಯೋಗಿ. ಕಾಯ್ದೆಯ ಮಾತು, ಸರಿಯಾಗಿಯೇ ಇತ್ತು. ಒಳಗೆ ಮಾವಶಿ ತೊಳೆಯುತ್ತಿದ್ದ ಪಾತ್ರೆಗಳ ಸದ್ದು ಒಂದು ಕ್ಷಣ ನಿಂತಿತು.

ಮರುದಿನ ಪರಾತದ ಮುಂದೆ ನಮ್ಮೆಲ್ಲರ ಹೆಸರುಗಳು ಬಂದವು, ಹೆಸರಿಲ್ಲದ ಹಿಡಿಯೂ ಬಿತ್ತು. ‘ನನಗ’ ಮಾತ್ರ ಬರಲಿಲ್ಲ. ಮಾವಶಿ ಆ ಹೊರಗಿನವರ ರೊಟ್ಟಿಯನ್ನೇ ತಿಂದಳು. ವಾರ ಕಳೆಯುವುದರೊಳಗೆ ಕೈಚೀಲ ಹಿಡಿದು, ತಮ್ಮನನ್ನು ನೋಡಬೇಕೆಂದು ಹೇಳಿ ಕಮಲಾಪುರದ ಬಸ್ಸು ಹತ್ತಿದಳು. ಹೋದವಳು ಬರಲಿಲ್ಲ. ಮಗು ಅವಳಿಲ್ಲದೆ ಉಣ್ಣಲೊಲ್ಲದು. ನನಗೂ ಮನೆ ಬೇಡವಾಯಿತು.

ಭಾನುವಾರ ನಾನೇ ಹೋದೆ. ಮಾವಶಿ ಅಂಗಳದಲ್ಲಿ ಕೂತು ಕೆಂಪು ಬಾಳೆಯ ಗೊನೆಯಿಂದ ಹಣ್ಣು ಬಿಡಿಸುತ್ತಿದ್ದಳು. ಸಹೋದ್ಯೋಗಿ ಹೇಳಿದ್ದು ಸರ್ಕಾರದ ಲೆಕ್ಕವೆಂದು ವಿವರಿಸತೊಡಗಿದೆ. ಪಾಠ ಹೇಳುವವರ ಚಟ. ಅವಳು ಪೂರ್ತಿ ಕೇಳಿಸಿಕೊಂಡಳು.

“ಸರ್ಕಾರದ್ದು ಬಿಡವ್ವಾ. ಅಷ್ಟ್ ದೇಶದ ಕಾಯ್ದಾ ಓದೀದಿ, ನಿನ್ನ ಮನ್ಯಾಗ ಯಾವ ಕಾಯ್ದಾ ಅದ?”

ಒಳಗೆ ಹೋಗಿ ಪರಾತದ ಮುಂದೆ ಕೂತು, ರೊಟ್ಟಿ ಬಡಿಯಲು ಬಾರದ ನಾನು, ಅವಳಿಗೆ ಕೇಳುವಂತೆ ‘ಮಾವಶಿಗೆ’ ಎಂದು ಮೊದಲ ಹಿಡಿ ಹಾಕಿದೆ. ಬಾಗಿಲಿಗೆ ಬಂದು ನಿಂತವಳು ಹಿಟ್ಟನ್ನು ನೋಡಿ ಮೂಗು ಮುರಿದಳು.

“ನಿನ್ನ ಮುಷ್ಟಿ ಸಣ್ಣದದ. ನನ್ನ ಹೊಟ್ಟಿಗಿ ಸಾಲಂಗಿಲ್ಲ. ಆಚೆ ಸರಿ.”

ಸಂಜೆಯ ಬಸ್ಸಿಗೆ ಇಬ್ಬರೂ ಕಲಬುರಗಿಗೆ ಮರಳಿದೆವು. ಆ ಮಾರ್ಚಿನಲ್ಲಿ ನನ್ನ ತೆರಿಗೆ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಬೆಳಿಗ್ಗೆ ಪರಾತದ ಮುಂದಿನ ಸರತಿ ಮಾತ್ರ ಬದಲಾಗಿತ್ತು: ಮಾವಶಿ ಮೊದಲ ಹಿಡಿ ಹಾಕುತ್ತ, ಪಡಸಾಲೆಯಲ್ಲಿದ್ದ ನನಗೆ ಕೇಳಲೆಂದೇ, ಗಟ್ಟಿಯಾಗಿ ‘ನನಗ’ ಎನ್ನುತ್ತಿದ್ದಳು.