ಲಂಡನ್ನಿನಿಂದ ಪ್ಯಾರಿಸ್ಸಿಗೆ ಎರಡೂಕಾಲು ಗಂಟೆ

ಮಲ್ಲಂದೂರಿನ ಎಸ್ಟೇಟಿನಲ್ಲಿ ಆಯಾ ಆಗಿದ್ದ ದೇವೀರಮ್ಮ ವಿಮಾನದಲ್ಲಿ ಕೂತವಳು. ಇದು ನಿಜ, ಯಾರು ಏನೇ ಹೇಳಲಿ. ೧೯೩೪ರಲ್ಲಿ ದೊರೆಸಾನಿ ತನ್ನ ಕೂಸನ್ನು ನೋಡಿಕೊಳ್ಳಲೆಂದು ಅವಳನ್ನೂ ಹಡಗು ಹತ್ತಿಸಿ ವಿಲಾಯತಿಗೆ ಕರೆದೊಯ್ದಿದ್ದಳು. ಅಲ್ಲಿಂದ ಒಂದು ದಿನ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹಾರಿದರು. ಕಿವಿಗೆ ಹತ್ತಿ ತುರುಕಿಕೊಂಡು, ಕೂಸನ್ನು ಮಡಿಲಲ್ಲಿ ಅವುಚಿಕೊಂಡು, ಕೆಳಗೆ ಸಮುದ್ರ ಕಂಡಾಗ ಗೊತ್ತಿದ್ದ ದೇವರನ್ನೆಲ್ಲ ನೆನೆಯುತ್ತ ಕೂತಿದ್ದಳು. ಇಳಿದ ಮೇಲೆ ದೊರೆಸಾನಿ ಗಡಿಯಾರ ತೋರಿಸಿ ಹೇಳಿದಳಂತೆ, ಇನ್ನೂರಕ್ಕೂ ಹೆಚ್ಚು ಮೈಲಿ, ಎರಡೂಕಾಲು ಗಂಟೆ.

ಊರಿಗೆ ಬಂದು ಇದನ್ನು ಹೇಳಿದ್ದೇ ತಪ್ಪಾಯಿತು. ಮಲ್ಲಂದೂರಿನಿಂದ ಚಿಕ್ಕಮಗಳೂರಿಗೆ ಗಾಡಿ ಮುಟ್ಟಲು ಅರ್ಧ ದಿನ ಬೇಕು. ಇವಳು ಅನ್ನ ಬೇಯಿಸಿ ಉಣ್ಣುವಷ್ಟರಲ್ಲಿ ಸಮುದ್ರ ದಾಟಿದಳಂತೆ. ಕೂಲಿಗಳ ಮನೆಸಾಲಾದ ಲೈನಿನಲ್ಲಿ ಯಾರು ಬುರುಡೆ ಬಿಟ್ಟರೂ 'ಎರಡೂಕಾಲು ಗಂಟೆ' ಎಂದು ನಗುವುದು ರೂಢಿಯಾಯಿತು. ದೇವೀರಮ್ಮನ ಎದುರಿಗೆ ಮಾತ್ರ ನಂಬಿದವರ ಹಾಗೆ ತಲೆಯಾಡಿಸುತ್ತಿದ್ದರು. ಹೌದೆನ್ನಬೇಕಾದ ದೊರೆಸಾನಿಯವರು ತೋಟ ಮಾರಿ ಹೋಗಿಬಿಟ್ಟಿದ್ದರು. ನಂಬಿದವಳು ಯಲ್ಲಮ್ಮ ಒಬ್ಬಳೇ. ಅವಳು ದೇವೀರಮ್ಮನ ತಂಗಿಯ ಮಗಳು. ತಾಯಿ ಸತ್ತ ಮೇಲೆ ದೇವೀರಮ್ಮನೇ ಸಾಕಿದ್ದಳು. ಮೋಡ ಕೈಗೆ ಸಿಗುತ್ತಿತ್ತಾ ಎಂದು ಅವಳು ಕೇಳದ ದಿನವಿರಲಿಲ್ಲ. ದೇವೀರಮ್ಮನಿಗೂ ಹೇಳಿ ಬೇಸರವಿರಲಿಲ್ಲ.

ಯಲ್ಲಮ್ಮ ದೊಡ್ಡವಳಾಗಿ ಕೂಸು ಹೆತ್ತ ವರ್ಷದ ಸುಗ್ಗಿಯಲ್ಲಿ, ಕಾಫಿ ಒಣಗಿಸುವ ಕಣದಿಂದ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಂದು ಮೂಟೆ ಮಾಯವಾಯಿತು. ಊಟದ ಹೊತ್ತಿನಲ್ಲಿ ಯಲ್ಲಮ್ಮ ಕಣದ ಹತ್ತಿರ ಸುಳಿದಾಡಿದ್ದನ್ನು ಕಂಡೆನೆಂದು ಮೇಸ್ತ್ರಿ ಶೇಷಪ್ಪ ಹೇಳಿದ. ಆ ಹೊತ್ತಿಗೆ ಅವಳು ಹಳ್ಳದ ದಂಡೆಯಲ್ಲಿದ್ದಳು. ಅವಳ ಕಾಲಿನ ಮುಳ್ಳು ತೆಗೆಯುತ್ತಿದ್ದವಳು ದೇವೀರಮ್ಮ. ಬೇರೆ ಸಾಕ್ಷಿ ಇರಲಿಲ್ಲ. ಕಳ್ಳಿ ಎಂದಾದರೆ ಮೂರು ತಿಂಗಳ ಕೂಸನ್ನು ಕಟ್ಟಿಕೊಂಡು ಜೈಲಿಗೇ ಹೋಗಬೇಕು.

ಕಣದಲ್ಲೇ ವಿಚಾರಣೆಗೆ ಕೂತವರು ತೋಟದ ಲೆಕ್ಕ ಬರೆಯುವ ರೈಟರ್ ಬಸವರಾಜಪ್ಪನವರು. ಕಡೂರಿನ ರೈಲು ಸ್ಟೇಷನ್ನಿನಿಂದಾಚೆ ಕಾಲಿಡದ ಅವರಿಗೆ ಒಬ್ಬ ಆಯಾ ಆಕಾಶದಲ್ಲಿ ಹಾರಿದ್ದು ಮೊದಲಿನಿಂದಲೂ ಹೊಟ್ಟೆಯುರಿ.

"ನಿನ್ನ ಮಾತು ಹೆಂಗೆ ನಂಬೋದು ಮಾರಾಯ್ತಿ? ಆ ವಿಮಾನದ ಕತೆ ಸುಳ್ಳು ಅಂತ ಎಲ್ರ ಎದುರು ಒಪ್ಕೋ. ಆಮೇಲೆ ಇವಳ ವಿಷಯ ನಂಬ್ತೀನಿ."

ಎಂಥ ನ್ಯಾಯವಪ್ಪ ಇದು! ಸತ್ಯವಂತಳು ಎನಿಸಿಕೊಳ್ಳಲು ಸುಳ್ಳು ಹೇಳಬೇಕು. ದೇವೀರಮ್ಮ ಕೂಸಿನ ಮುಖ ನೋಡಿದಳು.

"ಸುಳ್ಳು ಅಯ್ಯಾ. ನಾನು ವಿಮಾನ ಕಣ್ಣಲ್ಲೂ ಕಂಡಿಲ್ಲ."

ಕಣದ ತುಂಬ ನಗು. ಬಸವರಾಜಪ್ಪನವರು ಮಾತಿಗೆ ತಪ್ಪಲಿಲ್ಲ, ಯಲ್ಲಮ್ಮನನ್ನು ಬಿಟ್ಟರು.

ಲೈನಿಗೆ ಇಳಿಯುವ ದಾರಿಯಲ್ಲಿ ಯಲ್ಲಮ್ಮ, ನನಗಾದರೂ ನಿಜ ಹೇಳು, ಹೋಗಿದ್ದೆ ತಾನೆ ಎಂದು ಕೇಳಿದಳು. ಹೌದು ಎಂಬ ಮಾತು ದೇವೀರಮ್ಮನ ನಾಲಗೆಯ ತುದಿಗೆ ಬಂದಿತ್ತು. ಆದರೆ ಯಲ್ಲಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನಾಳೆ ಮೇಸ್ತ್ರಿಯ ಕಿವಿಗೆ ಬಿದ್ದರೆ ಹಳ್ಳದ ದಂಡೆಯ ಸಾಕ್ಷಿಯೂ ಸುಳ್ಳಾಗುತ್ತದೆ.

"ಇಲ್ಲ ಮಗಾ," ಎಂದಳು.

ಯಲ್ಲಮ್ಮ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಆಮೇಲೆ ಕೇಳಿದಳು, "ಹಂಗಾದ್ರೆ ನಮ್ಮವ್ವ ಸಾಯೋ ಹೊತ್ತಲ್ಲಿ ನನ್ನ ಹೆಸರು ಕರೆದ್ಲು ಅಂತಿದ್ಯಲ್ಲ ದೊಡ್ಡಮ್ಮ, ಅದು?"

"ಅದು ನಿಜ ಕಣೇ."

ಯಲ್ಲಮ್ಮ ತಲೆಯಾಡಿಸಿದಳು, ಲೈನಿನವರು ಇಷ್ಟು ದಿನ ತಲೆಯಾಡಿಸುತ್ತಿದ್ದ ಹಾಗೆಯೇ.