ಅಕ್ಕನ ಮೇ ತಿಂಗಳು

ಆಕೆಯ ನೆತ್ತಿಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಕೂದಲಿನಲ್ಲಿ ಅಡ್ಡಕ್ಕೆ ಒಂದು ಓಣಿ ಬಿದ್ದಿತ್ತು. ದಿನವಿಡೀ ತಲೆಯ ಮೇಲೆ ಕೂರುವ ಹೆಡ್‌ಫೋನಿನ ಉಕ್ಕಿನ ಪಟ್ಟಿ ವರ್ಷಗಟ್ಟಲೆ ಒತ್ತಿ ಒತ್ತಿ ಆದ ಗುರುತು ಅದು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಮುಚ್ಚುತ್ತಿರಲಿಲ್ಲ. ಆದರೆ ಪ್ರತಿ ವರ್ಷ ಮೇ ತಿಂಗಳು ಕಳೆದು ಆಕೆ ಕೆಲಸಕ್ಕೆ ಮರಳಿದಾಗ ಅಲ್ಲಿ ಕೂದಲು ಎದ್ದು ನಿಂತಿರುತ್ತಿತ್ತು, ಕಣ್ಣಿನ ಕೆಳಗಿನ ಕಪ್ಪು ಕರಗಿರುತ್ತಿತ್ತು, ಮುಖಕ್ಕೆ ಎಳೆ ಹುಡುಗಿಯ ಕಳೆ ಬಂದಿರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡನನ್ನು ಬ್ಯಾಂಕಿನವರು ಗದಗಿನಿಂದ ಬರೋಡಾಕ್ಕೆ ವರ್ಗ ಮಾಡಿದ್ದರು. ಮೆಟ್ರಿಕ್ ಪಾಸಾಗಿದ್ದ ನನಗೆ ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಟ್ರಂಕ್ ಬೋರ್ಡಿನ ಮುಂದೆ ಸಾಲಾಗಿ ಕೂತು, ದೀಪ ಹೊತ್ತಿದ ಕಡೆ ಪ್ಲಗ್ ಚುಚ್ಚಿ, ಅಹಮದಾಬಾದು, ಸೂರತ್ತು, ಮುಂಬೈ ಎಂದು ಊರುಗಳನ್ನು ಕೂಗಿ ಕರೆದು ಜನರನ್ನು ಮಾತಿಗೆ ಹಚ್ಚುವ ಕೆಲಸ. ಲೈನು ಸಿಗದಿದ್ದರೆ ಬೈಗುಳ ನಮಗೆ. ಸಿಕ್ಕರೆ ಅವರು ಅವರವರೇ ಮಾತಾಡಿಕೊಳ್ಳುತ್ತಿದ್ದರು.

ನನ್ನ ಪಕ್ಕದ ಕುರ್ಚಿ ಆಕೆಯದು. ಎಕ್ಸ್‌ಚೇಂಜಿನ ಹುಡುಗಿಯರೆಲ್ಲ ಮೋಟಾಬೆನ್ ಎನ್ನುತ್ತಿದ್ದರು. ಗುಜರಾತಿಯಲ್ಲಿ ದೊಡ್ಡಕ್ಕ ಎಂದು. ಮೈಸೂರಿನವಳು ಎಂದು ಗೊತ್ತಾದ ದಿನದಿಂದ ನನಗೆ ಬರೀ ಅಕ್ಕ. ರೈಲ್ವೆಯಲ್ಲಿದ್ದ ಗಂಡನೊಂದಿಗೆ ಈ ಊರಿಗೆ ಬಂದವಳು. ಆತ ತೀರಿಕೊಂಡ ಮೇಲೆ ಈ ಕೆಲಸ ಹಿಡಿದು, ರಾವಪುರದಲ್ಲಿ ಪೋಳ್ ಎನ್ನುವ ಒಂದು ಇಕ್ಕಟ್ಟಾದ ಓಣಿಯಲ್ಲಿ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಮಕ್ಕಳಿರಲಿಲ್ಲ. ಬೋರ್ಡಿನಲ್ಲಿ ಆಕೆಯಷ್ಟು ಮೃದುವಾಗಿ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಕಿರುಚುವ ವ್ಯಾಪಾರಿಯೂ ಆಕೆಯ ದನಿ ಕೇಳಿದರೆ ತಗ್ಗುತ್ತಿದ್ದ. ಊಟದ ಹೊತ್ತಿಗೆ ಮಾತ್ರ ಒಂದಕ್ಷರ ಆಡುತ್ತಿರಲಿಲ್ಲ. ಕಿವಿಗೆ ಹತ್ತಿಯುಂಡೆ ತುರುಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮೊಸರನ್ನ ತಿನ್ನುತ್ತಿದ್ದಳು.

ಕೇಂದ್ರ ಸರ್ಕಾರದ ನೌಕರಿ, ವರ್ಷಕ್ಕೊಂದು ತಿಂಗಳು ಸಂಬಳದ ರಜೆ. ಅದು ಬಂತೆಂದರೆ ಎಲ್ಲರೂ ಹೊರಡುವವರೇ. ಒಬ್ಬಳು ನಾಥದ್ವಾರಕ್ಕೆ, ಒಬ್ಬಳು ಆಬೂ ಬೆಟ್ಟಕ್ಕೆ, ನಾನು ಗದಗಿಗೆ. ಅಕ್ಕ ಎಲ್ಲಿಗೂ ಹೋಗುತ್ತಿರಲಿಲ್ಲ. ಅದೂ ಮೇ ತಿಂಗಳಲ್ಲಿ, ಬರೋಡಾದ ನಾಯಿಗಳೂ ಮೋರಿಗಿಳಿದು ಮಲಗುವ ಬಿಸಿಲಿನಲ್ಲಿ, ಆ ಕೋಣೆಯ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಚಾಪೆ ಹಾಸಿ ಮಲಗುತ್ತಿದ್ದಳು. ಸಂಜೆ ಎದ್ದು, ಗುಜರಾತಿ ಮನೆಗಳಲ್ಲೆಲ್ಲ ಇರುವ ತೂಗುಮಂಚದ ಮೇಲೆ ಕೂತು ಕಾಲಿನಿಂದ ನೆಲವನ್ನು ಮೆಲ್ಲಗೆ ಮೀಟುತ್ತಿದ್ದಳು. ಕೆಳಗಿನ ಮನೆಯ ಮುದುಕಿ ತಂದಿಟ್ಟ ಮಜ್ಜಿಗೆ ಕುಡಿಯುತ್ತಿದ್ದಳು. ಅಲ್ಲಿಗೆ ದಿನ ಮುಗಿಯಿತು.

ಹುಡುಗಿಯರು ತಲೆಗೊಂದು ಮಾತಾಡಿದರು. ಜಿಪುಣಿ ಎಂದರು, ತವರಿನವರು ಹೊರಗೆ ಹಾಕಿರಬೇಕು ಎಂದರು. ನನಗೂ ಹಾಗೇ ನಂಬಬೇಕೆನಿಸುತ್ತಿತ್ತು, ನಂಬಿದ್ದರೆ ಮರುಕಪಟ್ಟು ಹಗುರಾಗಬಹುದಿತ್ತು. ಯಾಕೆಂದರೆ ನನ್ನ ರಜೆಯ ಪಾಡು ಬೇರೆ ಇತ್ತು. ಮುಂಬೈಯಲ್ಲಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಟ್ರಂಕು ಹೊತ್ತು, ಪುಣೆಯಲ್ಲಿ ಸಣ್ಣ ಹಳಿಯ ಗಾಡಿ ಹತ್ತಿ, ಇದ್ದಲಿನ ಹುಡಿ ಕಣ್ಣಿಗೆ ತುಂಬಿಕೊಂಡು ಗದಗಿನಲ್ಲಿ ಇಳಿದರೆ ಅತ್ತೆ ಹಿಟ್ಟು ಸೋಸಿ ಇಟ್ಟುಕೊಂಡು ಕಾಯುತ್ತಿದ್ದರು. ವರ್ಷದ ಶಾವಿಗೆ, ವರ್ಷದ ಹಪ್ಪಳ, ವರ್ಷದ ಖಾರ, ಎಲ್ಲಕ್ಕೂ ಸಣ್ಣ ಸೊಸೆಯ ರಜೆಯೇ ಮುಹೂರ್ತ. ಅತ್ತೆ ಕೆಟ್ಟವರಲ್ಲ. ನನಗಿಂತ ಮೊದಲೇ ಎದ್ದು ನನಗಿಂತ ಆಮೇಲೆ ಮಲಗುವವರು. ಅವರ ಮುಂದೆ ನಾನು ಹೇಗೆ ಮಲಗಲಿ? ಬೆನ್ನು ಹಿಡಿದುಕೊಂಡು ಬರೋಡಾಕ್ಕೆ ಮರಳಿ ಬೋರ್ಡಿಗೆ ಕೂತರೆ ಅಕ್ಕ ನನ್ನ ಕೈಯ ಬೊಕ್ಕೆಗಳನ್ನು ನೋಡಿ ಒಂದೇ ಮಾತು ಹೇಳುತ್ತಿದ್ದಳು.

"ಊರು ಅಂದ್ರೆ ಊರು, ರಜ ಅಂದ್ರೆ ರಜ. ಎರಡನ್ನೂ ಯಾಕೆ ಕಲಸ್ತೀಯೆ?"

ಆ ಮಾತು ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಕಲಸದೆ ಇರಲು ಈಕೆಗೆ ಸಾಧ್ಯವಾಗಿದೆ, ಹೇಳುತ್ತಾಳೆ ಎಂದುಕೊಳ್ಳುತ್ತಿದ್ದೆ. ಆಕೆಯ ಹಿರಿತನದ ಮೇಲೆ, ಒಳ್ಳೆಯ ದನಿಯ ಮೇಲೆ ನನಗೆ ಅಸೂಯೆ ಇರಲಿಲ್ಲ. ಇದ್ದದ್ದೆಲ್ಲ ಆಕೆಯ ನಿದ್ದೆಯ ಮೇಲೆ.

ಒಂದು ಮೇ ತಿಂಗಳ ಸಂಜೆ, ಡ್ಯೂಟಿ ಮುಗಿಸಿ, ಏಪ್ರಿಲಿನ ನನ್ನ ರಜೆಯಲ್ಲಿ ಗದಗಿನಿಂದ ತಂದ ಹಪ್ಪಳ ಕೊಡುವ ನೆಪದಲ್ಲಿ ಆಕೆಯ ಕೋಣೆಗೆ ಹೋದೆ. ನಿಜವಾಗಿ ನನಗೆ ಆ ರಜೆಯನ್ನು ಕಣ್ಣಾರೆ ನೋಡಬೇಕಿತ್ತು. ಮೆಟ್ಟಿಲು ಹತ್ತುವಾಗಲೇ ಗಂಡಸಿನ ದನಿ ಕೇಳಿಸಿತು. ಆಕೆಯ ಅಣ್ಣ, ಮುಂಬೈಗೆ ಆಫೀಸಿನ ಕೆಲಸಕ್ಕೆ ಬಂದವರು, ಅಲ್ಲಿಂದ ಇಲ್ಲಿಗೆ ಬಂದಿದ್ದರು. ಮಗಳು ಹೆರಿಗೆಗೆ ಬಂದಿದ್ದಾಳೆ, ತಂಗಿ ಹೇಗೂ ರಜೆಯಲ್ಲಿದ್ದಾಳೆ, ಕರೆದುಕೊಂಡು ಹೋಗೋಣ ಎಂದು. ನನ್ನನ್ನು ನೋಡಿ ಅವರು ಮಾತು ನಿಲ್ಲಿಸಲಿಲ್ಲ. ಇನ್ನೊಬ್ಬರಿದ್ದರೆ ತಂಗಿ ನಾಚಿ ಒಪ್ಪಿಯಾಳು ಎಂದು ಇರಬೇಕು, ದನಿ ಇನ್ನಷ್ಟು ಏರಿಸಿದರು.

"ಅಲ್ಲಿ ನಿನ್ನ ಅತ್ತಿಗೆ ಒಬ್ಬಳೇ ಬಾಣಂತನ ಮಾಡ್ಬೇಕು. ಇಲ್ಲಿ ಹೀಗೆ ಬಿದ್ಕೊಂಡಿರೋಕೆ ಹೇಗೆ ಮನಸ್ಸು ಬರುತ್ತೆ ನಿನಗೆ?"

ಅಕ್ಕ ತೂಗುಮಂಚದ ಮೇಲೆ ಕೂತಿದ್ದಳು. ಬೋರ್ಡಿನಲ್ಲಿ ಮಾತಾಡುವ ಅದೇ ಮೆತ್ತನೆಯ ದನಿಯಲ್ಲಿ, "ದಸರೆಗೆ ಬರ್ತೀನಣ್ಣ, ಮಗೂನ ಎತ್ಕೊಳ್ಳೋಕೆ ಬರ್ತೀನಿ. ಬಾಣಂತನಕ್ಕೆ ಬರಲ್ಲ" ಎಂದಳು.

"ಜನ ಕೇಳಿದ್ರೆ ಏನು ಹೇಳ್ಲಿ?"

"ಮಲಗಿದಾಳೆ ಅಂತ ಹೇಳು."

ಅಣ್ಣ ಆಕೆ ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಹೋದರು. ಅಕ್ಕ ಬಚ್ಚಲಿನಲ್ಲಿ ಕಾಫಿ ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿ, ಬಂದು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ನಿದ್ದೆ ಇರಲಿಲ್ಲ. ಹಪ್ಪಳದ ಪೊಟ್ಟಣವನ್ನು ಅಲ್ಲೇ ಇಟ್ಟು ಬಂದೆ. ಆ ರಜೆಗೆ ಆಕೆ ಎಷ್ಟು ತೆತ್ತಿದ್ದಾಳೆ ಎಂದು ಕಂಡ ಮೇಲೆ ನನ್ನ ಹೊಟ್ಟೆಯುರಿ ಆರಬೇಕಿತ್ತು. ಆರಲಿಲ್ಲ, ಹೆಚ್ಚಾಯಿತು. ಅಲ್ಲಿಯವರೆಗೆ ನಿದ್ದೆ ಆಕೆಗೆ ಪುಕ್ಕಟೆ ಸಿಕ್ಕ ಅದೃಷ್ಟ ಎಂದುಕೊಂಡಿದ್ದೆ. ಒಲ್ಲೆ ಎನ್ನುವ ಗಟ್ಟಿತನ ಆಕೆಯಲ್ಲಿ ಇತ್ತು, ನನ್ನಲ್ಲಿ ಇರಲಿಲ್ಲ. ಅದೃಷ್ಟವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು.

ಮುಂದಿನ ಚಳಿಗಾಲದಲ್ಲಿ ನನಗೆ ನಿಂತಿದ್ದ ಗರ್ಭ ಐದನೇ ತಿಂಗಳಲ್ಲಿ ಇಳಿದು ಹೋಯಿತು. ಆಸ್ಪತ್ರೆಯಿಂದ ಬಂದು ಸ್ವಲ್ಪ ದಿನಕ್ಕೇ ಬೋರ್ಡಿಗೆ ಕೂತೆ. ಮೇ ತಿಂಗಳಲ್ಲಿ ಮೈದುನನ ಮದುವೆ ಇತ್ತು, ಬೋರ್ಡಿಗೆ ಹೊಸ ಹುಡುಗಿಯರು ಬಂದಿದ್ದರಿಂದ ನನಗೂ ಅಕ್ಕನಿಗೂ ಒಟ್ಟಿಗೇ ರಜೆ ಸಿಕ್ಕಿತು. ಟ್ರಂಕಿಗೆ ಸೀರೆ ತುಂಬುತ್ತಿದ್ದಾಗ, ಎಂದೂ ಯಾರ ಮನೆಗೂ ಹೋಗದ ಅಕ್ಕ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ನನ್ನ ಗಂಡನನ್ನು ಉದ್ದೇಶಿಸಿ, "ಈ ಸಲ ಇವಳನ್ನ ನನಗೆ ಬಿಟ್ಟು ಹೋಗಿ" ಎಂದಳು.

ಅವರು ಜಗಳದ ಮನುಷ್ಯರಲ್ಲ. ತಲೆ ಕೆರೆದುಕೊಂಡರು. "ಮನಿಯಾಗ ಮದುವಿ ಐತ್ರಿ. ಸೊಸಿ ಇಲ್ಲಂದ್ರ ಹ್ಯಾಂಗ್ರಿ?" ಎಂದರು.

"ಇವಳ ಮುಖ ನೋಡಿದೀರಾ ನೀವು? ಒಂದು ಸಲ ನೋಡಿ."

ಅವರು ನೋಡಿದರು. ಸಂಜೆ ಗಾಡಿಗೆ ಒಬ್ಬರೇ ಹೋದರು.

ರಾವಪುರದ ಆ ಕೋಣೆಗೆ ಚಾಪೆ ಹೊತ್ತುಕೊಂಡು ಹೋದೆ. ಕೊನೆಗೂ ನನಗೂ ಸಿಕ್ಕಿತು ಎಂಬ ಹಿಗ್ಗು. ಆದರೆ ನಿದ್ದೆ ಬಂದರೆ ತಾನೆ! ಊಟವಾದ ಕೂಡಲೇ ಅಕ್ಕ ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಕೈಕಾಲು ಚೆಲ್ಲಿ ಮಗುವಿನಂತೆ ಮಲಗಿಬಿಡುತ್ತಿದ್ದಳು. ನಾನು ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಆಕೆಯ ಗೊರಕೆ ಕೇಳುತ್ತ, ಗದಗಿನಲ್ಲಿ ಈಗ ಬೂಂದಿ ಉಂಡೆ ಕಟ್ಟುತ್ತಿರುತ್ತಾರೆ, ಅತ್ತೆ ಏನೆನ್ನುತ್ತಿರುತ್ತಾರೆ ಎಂದು ಯೋಚಿಸುತ್ತಿದ್ದೆ. ಒಂದೇ ನೆಲ, ಒಂದೇ ತಂಪು, ಆಕೆಗೆ ನಿದ್ದೆ, ನನಗಿಲ್ಲ. ಆ ಮಧ್ಯಾಹ್ನಗಳಲ್ಲಿ ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಹಿಂದೆಂದೂ ಪಟ್ಟಿರಲಿಲ್ಲ. ತಡೆಯಲಾರದೆ ಎದ್ದು, ಆಕೆಯ ಡಬ್ಬಿಯಿಂದ ಅಕ್ಕಿ ತೆಗೆದು ಮೊರಕ್ಕೆ ಹಾಕಿ ಕಲ್ಲು ಆರಿಸತೊಡಗಿದೆ. ಸದ್ದಿಗೆ ಎಚ್ಚರವಾಗಿ ಆಕೆ ಮೊರ ಕಿತ್ತುಕೊಂಡಳು.

"ನಿದ್ದೆ ಬರ್ದಿದ್ರೆ ಬೇಡ ಕಣೆ. ಕೈಯನ್ನ ಸುಮ್ನೆ ಇಡೋದು ಕಲಿ ಮೊದಲು."

ಕಲಿಯಲು ನನಗೆ ಬಹಳ ಹಿಡಿಯಿತು. ಮೊದಲು ಕೈ ಸುಮ್ಮನಾಯಿತು, ಆಮೇಲೆ ಯಾವಾಗಲೋ ತಲೆ. ಒಂದು ಮಧ್ಯಾಹ್ನ ಎಲ್ಲಿದ್ದೇನೆಂದೇ ತಿಳಿಯದಷ್ಟು ನಿದ್ದೆ ಮಾಡಿದೆ. ಎದ್ದಾಗ ಬಿಸಿಲು ಇಳಿದಿತ್ತು, ಪೋಳಿನಲ್ಲಿ ಯಾರದೋ ಮನೆಯಲ್ಲಿ ಮಗುವೊಂದು ಅಳುತ್ತಿತ್ತು. ಆ ಅಳು ಕೇಳುತ್ತ ಕೇಳುತ್ತ ನಾನೂ ಅಳತೊಡಗಿದೆ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯಲ್ಲಿ ಅತ್ತಿರಲಿಲ್ಲ, ಬೋರ್ಡಿನಲ್ಲಂತೂ ಅಳುವುದಕ್ಕೆ ಎಡೆ ಎಲ್ಲಿ. ದಿಂಬು ಒದ್ದೆಯಾಗುವವರೆಗೆ ಅತ್ತುಬಿಟ್ಟೆ. ಅಕ್ಕ ಹತ್ತಿರ ಬರಲಿಲ್ಲ, ತಲೆ ಸವರಲಿಲ್ಲ. ತೂಗುಮಂಚದ ಸರಪಳಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ನಾನು ಸುಮ್ಮನಾದ ಮೇಲೆ, ಯಾರಿಗೋ ಹೇಳುವಂತೆ ಹೇಳಿದಳು.

"ಯಜಮಾನರು ಹೋದ ಮೇಲೆ, ಕೆಲಸಕ್ಕೆ ಸೇರಿ ಸಿಕ್ಕ ಮೊದಲನೇ ರಜಕ್ಕೆ ನಾನೂ ಊರಿಗೇ ಹೋದೆ. ಮನೆ ತುಂಬ ಜನ. ಅಳೋಕೆ ಒಂದು ಮೂಲೆ ಸಿಗಲಿಲ್ಲ. ಒಂದು ತಿಂಗಳು ಹಪ್ಪಳ ಒತ್ತಿದೆ."

ಅಷ್ಟೇ. ಎದ್ದು ಚಹಾಕ್ಕೆ ಇಟ್ಟಳು.

ಮುಂದೆ ಆಕೆಗೆ ಬಡ್ತಿ ಸಿಕ್ಕಿ ಸೂರತ್ತಿಗೆ ವರ್ಗವಾಯಿತು. ಸ್ಟೇಷನ್ನಿಗೆ ಹೋಗಿ ಬೀಳ್ಕೊಟ್ಟೆವು. ಆಮೇಲೆ ಸೂರತ್ತಿನ ಲೈನು ಸಿಕ್ಕಾಗಲೆಲ್ಲ, ಅಲ್ಲಿಯ ಹುಡುಗಿಯರು ಮೋಟಾಬೆನ್ ಹೀಗೆಂದರು, ಮೋಟಾಬೆನ್ ಹಾಗೆಂದರು ಎಂದು ಸಂಭ್ರಮದಿಂದ ಹೇಳುವಾಗ ನನ್ನ ಮುಖ ಬಿಗಿಯುತ್ತಿತ್ತು. ನನಗೆ ಕಲಿಸಿದ್ದನ್ನು ಅವರಿಗೂ ಕಲಿಸುತ್ತಿದ್ದಾಳೆಯೇ, ಆ ಚಾಪೆಯ ಮೇಲೆ ಈಗ ಯಾರು ಮಲಗುತ್ತಾರೆ ಎಂದು ಕೇಳಬೇಕೆನಿಸುತ್ತಿತ್ತು. ಕೇಳುತ್ತಿದ್ದದ್ದು ನಂಬರು ಮಾತ್ರ.

ಸುದ್ದಿ ಬಂದದ್ದೂ ಆ ಲೈನಿನಲ್ಲೇ. ಮೇ ತಿಂಗಳು. ಸೂರತ್ತಿನ ಹುಡುಗಿ ಅಳುತ್ತಿದ್ದಳು. ರಜೆಯಲ್ಲಿದ್ದವರು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲೇ ಇಲ್ಲ, ನಮ್ಮ ಮೋಟಾಬೆನ್ ಹೋಗಿಬಿಟ್ಟರು ಎಂದಳು. ನಮ್ಮ ಎಂಬ ಆ ಒಂದು ಮಾತು ಸುದ್ದಿಗಿಂತ ಮೊದಲು ನನಗೆ ಚುಚ್ಚಿತು. ಬೋರ್ಡಿನ ಮೇಲೆ ದೀಪಗಳು ಹೊತ್ತಿಕೊಂಡಿದ್ದವು. ಒಂದೊಂದಾಗಿ ಪ್ಲಗ್ ಚುಚ್ಚುತ್ತ ಹೋದೆ. ಊಟದ ಹೊತ್ತಿಗೆ ಹುಡುಗಿಯರು ಪಾಪ, ಅಷ್ಟು ರಜೆ ಇದ್ದೂ ಗುಜರಾತಿನಲ್ಲೇ ಇರುವ ದ್ವಾರಕೆಯನ್ನೂ ನೋಡದೆ ಹೋದರಲ್ಲ ಎಂದು ಮರುಗಿದರು. ನಾನು ಮರುಗಲಿಲ್ಲ. ಯಾರೂ ಎಬ್ಬಿಸದ ನಿದ್ದೆಯಲ್ಲಿ ಹೋದಳು ಎಂದು ಅದಕ್ಕೂ ಕರುಬಿದೆ.

ಮರುವರ್ಷ ಮೇ ತಿಂಗಳಲ್ಲಿ ರಜೆ ತೆಗೆದುಕೊಂಡೆ, ಗದಗಿಗೆ ಹೋಗಲಿಲ್ಲ. ದೀಪಾವಳಿಗೆ ಬರುತ್ತೇನೆ ಎಂದು ಗಂಡನ ಕೈಲಿ ಹೇಳಿಕಳಿಸಿದೆ. ಸೊಸೆಗೆ ಏನಾಗಿದೆ ನೋಡಿಯೇ ಬಿಡುತ್ತೇನೆಂದು ಅತ್ತೆ ಅವರೊಂದಿಗೆ ಹೊರಟು ಬಂದರು. ಎರಡು ದಿನದ ಪ್ರಯಾಣದಲ್ಲಿ ಅವರ ಕಾಲು ಬಾತಿದ್ದವು. ಜಗಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಬಂದವರೇ ಸೆರಗು ಸಿಕ್ಕಿಸಿ ನನ್ನ ಅಡಿಗೆಮನೆಗೆ ನುಗ್ಗಿ ಹಿಟ್ಟಿನ ಡಬ್ಬಿ ಹುಡುಕತೊಡಗಿದರು. ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು, ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದೆ. ಏನಿದು ಎಂದು ಗೊಣಗುತ್ತಲೇ ಅಡ್ಡಾದರು. ಎದ್ದಾಗ ದೀಪ ಹಚ್ಚುವ ಹೊತ್ತು.

ಎದ್ದು ಕೂತು ನಾಚಿಕೆಯಿಂದ ಸೀರೆ ಸರಿಮಾಡಿಕೊಂಡರು. "ಹಗಲಿನ್ಯಾಗ ನಾ ಮಲಗಿದ್ದು ಬಾಣಂತಿ ಇದ್ದಾಗಷ್ಟ. ನಿನಗ ಇದನ್ನ ಯಾರ ಕಲಿಸಿದ್ರು?" ಎಂದು ಕೇಳಿದರು.

ಹೇಳಬಹುದಿತ್ತು. ಮೈಸೂರಿನ ಒಬ್ಬ ಅಕ್ಕ ಇದ್ದಳು ಎಂದು ಶುರುಮಾಡಿದ್ದರೆ ರಾತ್ರಿಯವರೆಗೆ ಕೇಳುತ್ತಿದ್ದರು. ಆದರೆ ಅತ್ತೆ ಕಥೆಯನ್ನು ತಮ್ಮ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ, ಗದಗಿನ ಓಣಿ ತುಂಬ ಅವಳು ಎಲ್ಲರ ಅಕ್ಕನಾಗುತ್ತಿದ್ದಳು.

"ಯಾರೂ ಇಲ್ರೀ ಅತ್ತಿ" ಎಂದು ಚಹಾಕ್ಕೆ ನೀರಿಟ್ಟೆ.