ಅಕ್ಕೋರು ಕರೆದ ಫಂಕ್ಷನ್‌ಗಳು

ಮೊನ್ನೆ ಮಗಳ ಕೀಬೋರ್ಡ್ ಒರೆಸುತ್ತಿದ್ದೆ. ಒದ್ದೆ ಬಟ್ಟೆಯ ವಾಸನೆ ಮೂಗಿಗೆ ಬಡಿದು ಕೈ ನಿಂತೇಬಿಟ್ಟಿತು. ಹೊಸಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರು ದಿನಾ ಬೆಳಿಗ್ಗೆ ಹೀಗೇ ಒರೆಸುತ್ತಿದ್ದರು. ಅದಿರಿನ ಲಾರಿಗಳ ಕಾಲ ಅದು. ಬಟ್ಟೆ ಹಿಂಡಿದರೆ ಕೆಂಪು ನೀರು... ದುಡ್ಡು ತರುತ್ತದೆಂದು ಊರೆಲ್ಲ ಕೊಂಡಾಡುತ್ತಿದ್ದ ಆ ಅದಿರಿನ ಧೂಳನ್ನು ಬೈಯುತ್ತಿದ್ದವರು ಅವರೊಬ್ಬರೇ. ಮೇಡಂ ಅನ್ನಿ ಎಂದು ಎಷ್ಟು ತಿದ್ದಿದರೂ ನಮ್ಮ ಬಾಯಲ್ಲಿ ಅವರು ಅಕ್ಕೋರೇ.

ಕರೆಂಟ್ ಹೋದರೆ ನಮ್ಮನ್ನೇ ಫಂಕ್ಷನ್ ಮಾಡುತ್ತಿದ್ದರು, ಅಂದರೆ ಪ್ರೋಗ್ರಾಂ ಕರೆದಾಗ ಒಂದೇ ಕೆಲಸ ಮಾಡಿಕೊಡುವ ತುಣುಕು. ಗಾದಿಗನೂರಿನ ಹುಡುಗ ‘ಕೂಡಿಸು’, ನಾನು ‘ದೊಡ್ಡದು ಯಾವುದು’. ಆ ಹೆಸರು ಹಿಡಿದು ಕರೆದು ಕೈಗೊಂದು ಚೀಟಿ ಇಡುವರು. ಅದರಲ್ಲಿದ್ದ ಸಂಖ್ಯೆಗಳೇ ಪ್ಯಾರಾಮೀಟರ್. ಕೆಲಸ ಅದೇ, ಚೀಟಿ ಬದಲಾದರೆ ಉತ್ತರ ಬೇರೆ. ಬರೆದ ಉತ್ತರವನ್ನು ಕರೆದವರ ಕೈಗೇ ಮರಳಿಸಬೇಕು. ನಾನು ಪಕ್ಕಕ್ಕೆ ಇಣುಕಿದರೆ, “ಕೈಯಾಗ ಕೊಟ್ಟಿದ್ದಷ್ಟ ನೋಡವಾ. ಬಾಜೂದವನ ಚೀಟಿ ನಿನಗ ಬ್ಯಾಡ” ಎನ್ನುತ್ತಿದ್ದರು.

ಅಕ್ಕೋರು ಮದುವೆ ಒಲ್ಲೆನೆಂದು ಮನೆಯವರೊಡನೆ ಜಗಳವಾಡಿ ತೆರೆದ ಕ್ಲಾಸು ಅದು. ಅವರಿಗೆ ಬೇರೆ ಬದುಕೇ ಇರಲಿಲ್ಲ. ಆದರೆ ಹುಡುಗರು ಒಬ್ಬೊಬ್ಬರೇ ಸಂಡೂರಿನ ಗಣಿಗಳ ಕಡೆ ಹೊರಟರು, ಒಬ್ಬ ಲಾರಿಗೆ, ಒಬ್ಬ ಲಾರಿ ತೂಗುವ ವೇಬ್ರಿಡ್ಜ್‌ಗೆ. ಗಾದಿಗನೂರಿನವನೂ ಹೋದ. ಅವನ ‘ಕೂಡಿಸು’ ಕೆಲಸವನ್ನೂ ನನಗೆ ಕೊಡಿ ಎಂದರೆ ಅಕ್ಕೋರು ಒಪ್ಪಲಿಲ್ಲ. ಕೊನೆಗೆ ನಾನೊಬ್ಬಳೇ ಉಳಿದೆ. ಆಗಲೂ ಅವರು ‘ಕೂಡಿಸು’ ಎಂದು ಕರೆದು, ತಾವೇ ಆ ಖಾಲಿ ಕುರ್ಚಿಗೆ ಹೋಗಿ ಕೂತು, ತಾವೇ ಬರೆದ ಚೀಟಿ ಓದಿ, ಉತ್ತರ ಹಿಡಿದು ಎದ್ದು ಬರುತ್ತಿದ್ದರು. ಒಂದು ದಿನ ಉತ್ತರ ಬರೆಯದೆ ಆ ಕುರ್ಚಿಯಲ್ಲೇ ಕೂತುಬಿಟ್ಟರು.

“ಕರಿಯೋದು ಭಾಳ ಸಲೀಸು ಐತಿ,” ಅಂದರು. “ಬರೋರು ಇಲ್ಲಂದ್ರ ಪ್ರೋಗ್ರಾಂ ಅಲ್ಲೇ ನಿಂತುಬಿಡ್ತೈತಿ.”

ಕೆಲವೇ ದಿನಗಳಲ್ಲಿ ಕ್ಲಾಸು ಮುಚ್ಚಿ ಅಲ್ಲಿ ಲಾರಿ ಆಫೀಸು ಬಂತು. ಅಕ್ಕೋರು ಊರ ಹೊರಗೆ ಟಿ.ಬಿ. ಡ್ಯಾಂ ಬಡಾವಣೆಯಲ್ಲಿದ್ದ ತಮ್ಮ ಅಣ್ಣನ ಮನೆ ಸೇರಿದರು. ನಾನು ಹೋದಾಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಊಟ ಬಿಟ್ಟರು, ಮಾತು ಬಿಟ್ಟರು... ಕೋರ್ಟಿನ ಆದೇಶದಿಂದ ಗಣಿ ನಿಲ್ಲುವ ಹೊತ್ತಿಗೆ ಅವರೇ ಇರಲಿಲ್ಲ.

ಗಣಿ ನಿಂತ ಮೇಲೆ ಗಾದಿಗನೂರಿನವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಕೆಲಸ ಹೋಗಿತ್ತು. ಬಿಟ್ಟ ಪಾಠ ಮುಗಿಸಬೇಕೆಂದೇ ಬಂದಿದ್ದನಂತೆ.

“ಅಕ್ಕೋರು ಈಗ ಎಲ್ಲಿ ಕ್ಲಾಸ್ ಮಾಡ್ತಾರ?” ಎಂದು ಕೇಳಿದ.

ಹೇಳಿದೆ. ಅವನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ.

ಈಗ ಮಗಳು ಇದೇ ಪಾಠವನ್ನು ವಿಡಿಯೋ ನೋಡಿ ಕಲಿಯುತ್ತಾಳೆ. ಹೊಸಪೇಟೆಗೆ ಹೋದರೆ ನಾನು ಆ ಬೀದಿ ಬಿಟ್ಟು ಸುತ್ತು ಹಾಕುತ್ತೇನೆ. ಕೊನೆಯವರೆಗೂ ಉಳಿದವಳು ನಾನು. ನಾನೊಬ್ಬಳು ಉಳಿದದ್ದು ಅವರಿಗೆ ಸಾಕಾಗಲಿಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ.